ಪಾತ್ರಪರೀಕ್ಷೆಯ ವಿಚಾರ

ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ವನ್ನು ಓದಿದವರು ಅದರ ಮೊದಲೆರಡು ಅಂಕಗಳಲ್ಲಿ ಬರುವ ನಾಟ್ಯಾಚಾರ್ಯರ ಜಗಳವನ್ನು ಬಲ್ಲರು. ಗಣದಾಸ ಹರದತ್ತರಲ್ಲಿ ಯಾರು ಮೇಲೆಂಬ ವಾದವು ಹುಟ್ಟಿ, ಪಂಡಿತಕೌಶಿಕಿಯೆಂಬ ಪರಿವ್ರಾಜಿಕೆಯು ತೀರ್ಪುಗಾರಳಾಗಿ, ಅವರವರ ಶಿಷ್ಯರ ಪ್ರಯೋಗವನ್ನು ನೋಡಿಯೇ ನಿರ್ಣಯಿಸತಕ್ಕದ್ದೆಂದು ಗೊತ್ತಾಗುತ್ತದೆ. ಆಗ ಆಕೆ ಇಡುವ ನಿಬಂಧನೆಯೊಂದುಂಟು: ಪಾತ್ರಗಳು ಹೆಚ್ಚು ವೇಷಭೂಷಣವಿಲ್ಲದೆ ಬರಬೇಕು, ಅಂಗಸೌಷ್ಠವವು ಆಗಲೇ ಕಾಣುವುದು. ಈಗಿನವರು ಆಡಿಷನ್ ಎಂದು ಕರೆಯುವ ಪಾತ್ರಪರೀಕ್ಷೆಗೆ ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಚಿತ್ರವು ನನಗೆ ದೊರೆತಿಲ್ಲ.

ನಮ್ಮ ಸೀಮೆಯಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ಕುರುಕ್ಷೇತ್ರ ನಾಟಕವಾಡುವುದು ಬಹುಕಾಲದ ರೂಢಿ. ಅದರ ಮೇಲಿನ ಜನರ ಪ್ರೀತಿಯನ್ನು ನಾನು ಹಳಿಯಲಾರೆ. ಆದರೆ ಪಾತ್ರವು ಹಂಚಿಕೆಯಾಗುವ ರೀತಿಯನ್ನು ನೋಡಿರಿ. ಸೀನರಿಗೆ, ವೇಷಕ್ಕೆ, ಹಾರ್ಮೋನಿಯಂ ಮೇಷ್ಟ್ರಿಗೆ ಹಣ ಬೇಕಷ್ಟೆ. ಆದುದರಿಂದ ಅನೇಕ ಕಡೆ ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಎಂದು ವಂತಿಗೆಯು ನಿಶ್ಚಯವಾಗುತ್ತದೆ. ಹೆಚ್ಚು ಕೊಟ್ಟವನು ಕಿರೀಟವನ್ನು ಧರಿಸುತ್ತಾನೆ. ಕೊಡಲಾರದವನಲ್ಲಿ ಎಂಥ ಕಂಠವಿದ್ದರೂ ಅವನು ದ್ವಾರಪಾಲಕನೇ. ಅನಂತರ ಮೇಷ್ಟ್ರು ತಿಂಗಳುಗಟ್ಟಲೆ ಕುಳಿತು ಕಂದ ವೃತ್ತಗಳನ್ನು ರಾಗಕ್ಕೆ ಹೊಂದಿಸಿ ಬಾಯಿಪಾಠ ಮಾಡಿಸುತ್ತಾರೆ. ಅವರ ಶ್ರಮವು ದೊಡ್ಡದು. ಮಾತಿನ ಅರ್ಥಕ್ಕೆ ಮಾತ್ರ ಆ ಶ್ರಮದಲ್ಲಿ ಪಾಲಿಲ್ಲ.

ಹೀಗೆ ಕಲಿತ ಹುಡುಗನು ಮುಂದೆ ನಾಟಕಶಾಲೆಯೊಂದರ ಆಯ್ಕೆಗೆ ಹೋದನೆಂದಿಟ್ಟುಕೊಳ್ಳಿರಿ. ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. 1959ರಲ್ಲಿ ಸ್ಥಾಪಿತವಾದ ದೆಹಲಿಯ ರಾಷ್ಟ್ರೀಯ ನಾಟಕಶಾಲೆಯು ಮೊದಲೊಂದು ಪರೀಕ್ಷೆಯನ್ನು ನಡೆಸಿ, ಅದರಲ್ಲಿ ಉಳಿದವರನ್ನು ಕೆಲವು ದಿನಗಳ ಶಿಬಿರದಲ್ಲಿಟ್ಟು ನೋಡುತ್ತದೆ. ಅಲ್ಲಿ ಕಿರೀಟವಿಲ್ಲ, ಹಾರ್ಮೋನಿಯಂ ಇಲ್ಲ. ಕಲಿತದ್ದನ್ನು ಒಪ್ಪಿಸಿದ ಮೇಲೆ ಪರೀಕ್ಷಕರು, “ಅದೇ ಮಾತನ್ನು ಈಗ ಬೇರೆ ಭಾವದಲ್ಲಿ ಹೇಳು,” ಎಂದರೆ ನಮ್ಮ ಹುಡುಗನು ತಬ್ಬಿಬ್ಬಾಗುತ್ತಾನೆ. ಅವನಲ್ಲಿ ಶಕ್ತಿಯಿಲ್ಲವೆಂದಲ್ಲ; ಆ ಮಾತನ್ನು ಬೇರೆ ರೀತಿಯಲ್ಲಿ ಹೇಳಬಹುದೆಂದು ಅವನಿಗೆ ಯಾರೂ ತೋರಿಸಿಲ್ಲ.

ತೋರಿಸುವ ಬಗೆಯು ಭರತಮುನಿಯಲ್ಲಿಯೇ ಉಂಟು. ಪಾಠ್ಯದ ಗುಣಗಳನ್ನು ಹೇಳುವಾಗ ಆತನು ಸ್ವರ, ಸ್ಥಾನ, ವರ್ಣ, ಕಾಕು, ಅಲಂಕಾರ, ಅಂಗಗಳೆಂದು ಎಣಿಸುತ್ತಾನೆ. ಇವುಗಳಲ್ಲಿ ಕಾಕುವೊಂದನ್ನೇ ತೆಗೆದುಕೊಳ್ಳೋಣ. “ನಾನು ಸಂಧಿಗೆ ಒಪ್ಪುವೆನು” ಎಂಬ ವಾಕ್ಯವನ್ನು ಸಮಧ್ವನಿಯಿಂದ ಮುಗಿಸಿದರೆ ಅದು ಒಪ್ಪಿಗೆ, ಧ್ವನಿಯನ್ನು ಮೇಲೆತ್ತಿ ಕೊನೆಗೆ ತೂಗಬಿಟ್ಟರೆ ಅದೇ ಪದಗಳು “ನಾನೋ, ಒಪ್ಪುವವನೋ?” ಎಂಬ ಧಿಕ್ಕಾರವಾಗುತ್ತವೆ. ಒಂದಕ್ಷರವೂ ಬದಲಾಗಿಲ್ಲ. ಮೊದಲನೆಯದು ನಿರಾಕಾಂಕ್ಷ, ಎರಡನೆಯದು ಸಾಕಾಂಕ್ಷ. ಇನ್ನು ವಿರಾಮ. “ನಾನು” ಎಂಬಲ್ಲಿ ಕ್ಷಣಕಾಲ ನಿಂತರೆ ದುರ್ಯೋಧನನ ಅಹಂಕಾರವು ಕಾಣುವುದು. “ಸಂಧಿಗೆ” ಎಂಬಲ್ಲಿ ನಿಂತರೆ ಅವನಿಗೆ ಆ ಪದದ ಮೇಲಿರುವ ಜುಗುಪ್ಸೆಯು ಕಾಣುವುದು. ಮನೆಯ ಜಗುಲಿಯ ಮೇಲೆ ಕುಳಿತು ಒಂದೇ ವಾಕ್ಯವನ್ನು ಹತ್ತು ರೀತಿಯಲ್ಲಿ ಹೇಳಿಸಿರಿ. ನಾನು ಬಲ್ಲ ಮಟ್ಟಿಗೆ, ಪರೀಕ್ಷೆಗೆ ಇದಕ್ಕಿಂತ ಅಗ್ಗವಾದ, ಇದಕ್ಕಿಂತ ಫಲಕಾರಿಯಾದ ಸಿದ್ಧತೆಯಿಲ್ಲ.

ಉಚ್ಚಾರಣೆಯ ವಿಷಯದಲ್ಲಿ ನಾನೇ ತಪ್ಪಿದ್ದೇನೆ. ಶಾಲೆಯ ನಾಟಕಕ್ಕೆ ಹುಡುಗರನ್ನು ಆರಿಸುತ್ತಿದ್ದಾಗ, ಕುರಿ ಕಾಯುವ ಮನೆಯಿಂದ ಬಂದ ಬಾಲಕನೊಬ್ಬನು ದೂತನ ಮಾತನ್ನು ಹೇಳಿದನು. ಹಕಾರವು ಅಕಾರವಾಯಿತು, ಮಹಾಪ್ರಾಣಗಳು ಹಾರಿಹೋದವು; ಪಾಠಶಾಲೆಯಲ್ಲಿ ಪಳಗಿದ ನನ್ನ ಕಿವಿಯು ಅಷ್ಟನ್ನೇ ಕೇಳಿತು. ಅವನನ್ನು ಕೂರಿಸಿ, ಸ್ಪಷ್ಟವಾಗಿ ಓದುವ ಇನ್ನೊಬ್ಬನಿಗೆ ಪಾತ್ರವನ್ನು ಕೊಟ್ಟೆನು. ಆ ರಾತ್ರಿ ರಂಗದ ಮೇಲೆ ಯುದ್ಧದ ಸುದ್ದಿಯು ಅಂಗಡಿಯ ಲೆಕ್ಕದಂತೆ ಬಂದಿತು. ಮೊದಲಿನ ಹುಡುಗನು ಹೇಳಿದಾಗ ಉಸಿರು ಕಟ್ಟಿದ್ದನ್ನು ಆಮೇಲೆ ನೆನೆದೆನು. ಹಕಾರವನ್ನು ಹದಿನೈದು ದಿನಗಳಲ್ಲಿ ಕಲಿಸಬಹುದಾಗಿತ್ತು. ಪಾವಗಡದ ಕಡೆಯ ಮಕ್ಕಳ ಕನ್ನಡದಲ್ಲಿ ತೆಲುಗಿನ ಎಳೆತವಿರುವುದೂ ಇಂಥದೇ; ತಿದ್ದತಕ್ಕದ್ದು ಹೌದು, ಬಾಗಿಲು ಹಾಕತಕ್ಕದ್ದಲ್ಲ. ನಾಟ್ಯಶಾಸ್ತ್ರವು ಪ್ರಾಶ್ನಿಕರನ್ನು ಹೇಳುವಾಗ ಶಬ್ದವಿದನೊಬ್ಬನನ್ನೇ ಕೂರಿಸದೆ, ನರ್ತಕ, ಚಿತ್ರಕಾರ, ಗಾಯಕ, ಬಿಲ್ಲುಗಾರ ಮೊದಲಾದವರನ್ನೂ ಕೂರಿಸಿದ್ದು ನನ್ನಂಥವರನ್ನು ಕಂಡೇ ಇರಬೇಕು.

ನಮ್ಮ ಜಿಲ್ಲೆಯಲ್ಲಿಯೇ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯ ಪದ್ಧತಿಯು ಬೇರೆ. ವೀರಣ್ಣನವರೇ ಬಾಲನಟರಾಗಿ ಬೆಳೆದವರು. ಅಂಥ ಕಂಪೆನಿಗಳಲ್ಲಿ ಸೇರಿದ ಹುಡುಗನು ಪರದೆಯ ಮರೆಯಿಂದ ರಾತ್ರಿಯೆಲ್ಲ ದೊಡ್ಡವರ ಆಟವನ್ನು ನೋಡುತ್ತ, ಸಣ್ಣಪುಟ್ಟ ವೇಷಗಳನ್ನು ಹಾಕುತ್ತ ಮೇಲೆ ಬರುತ್ತಿದ್ದನು. ಹುಡುಗನಾಗಿ ಗುಬ್ಬಿ ಕಂಪೆನಿಯನ್ನು ಸೇರಿದ ಬಿ. ವಿ. ಕಾರಂತರು ಮುಂದೆ ದೆಹಲಿಯ ನಾಟಕಶಾಲೆಯ ನಿರ್ದೇಶಕರಾದರು. ಮೈಸೂರಿನಲ್ಲಿ 1989ರಲ್ಲಿ ರಂಗಾಯಣವನ್ನು ಕಟ್ಟಿದರು. ಅಲ್ಲಿ ವರ್ಷಗಳೇ ಪರೀಕ್ಷೆಯಾಗಿದ್ದವು. ಇಂದು ಕೆಲವು ನಿಮಿಷಗಳಲ್ಲಿ ಎಲ್ಲವೂ ತೀರಬೇಕಾಗಿರುವುದರಿಂದ, ಆ ವರ್ಷಗಳ ಸ್ವಲ್ಪ ಭಾಗವನ್ನಾದರೂ ಊರಿನಲ್ಲಿಯೇ ಮಾಡಿಕೊಂಡು ಹೋಗಬೇಕಾಗಿದೆ. ಕುರುಕ್ಷೇತ್ರವನ್ನಾಡುವ ತಂಡಗಳು ವಂತಿಗೆಯನ್ನು ಎಲ್ಲರಿಂದ ಸಮನಾಗಿ ಎತ್ತಿ, ಪಾತ್ರವನ್ನು ಮಾತ್ರ ವೇಷವಿಲ್ಲದೆ, ವಾದ್ಯವಿಲ್ಲದೆ ಮಾತಾಡಿಸಿ ನೋಡಿ ಕೊಟ್ಟರೆ ಅರ್ಧ ಕೆಲಸವು ಆದಂತೆ.

ಮತ್ತೆ ಕಾಳಿದಾಸನಿಗೆ ಬರುತ್ತೇನೆ. ಆ ಪರೀಕ್ಷೆಯೂ ನಿಷ್ಕಳಂಕವಲ್ಲ. ರಾಜನಿಗೆ ಮಾಳವಿಕೆಯನ್ನು ತೋರಿಸಲೆಂದು ವಿದೂಷಕನು ಹೂಡಿದ ಆಟವದು. ಗಣದಾಸನ ಶಿಷ್ಯೆಯಾದ ಅವಳು ಮೊದಲು ಅಭಿನಯಿಸುತ್ತಾಳೆ, ಪರಿವ್ರಾಜಿಕೆಯು ಮೆಚ್ಚುತ್ತಾಳೆ. ಹರದತ್ತನು ಈಗ ತನ್ನ ಪ್ರಯೋಗವನ್ನು ನೋಡಬೇಕೆಂದು ಬೇಡುವಷ್ಟರಲ್ಲಿ ವೈತಾಳಿಕನು ಮಧ್ಯಾಹ್ನವಾಯಿತೆಂದು ಹೇಳುತ್ತಾನೆ. ವಿದೂಷಕನು ಊಟದ ಹೊತ್ತೆನ್ನುತ್ತಾನೆ. ನಾಳೆ ನೋಡೋಣವೆಂದು ರಾಜನು ಏಳುತ್ತಾನೆ. ಹರದತ್ತನು ಸಿದ್ಧಪಡಿಸಿ ತಂದಿದ್ದ ಪಾತ್ರವು ರಂಗಕ್ಕೆ ಬರುವುದೇ ಇಲ್ಲ. ಎಷ್ಟೋ ವರ್ಷ ಈ ಅಂಕವನ್ನು ಪಾಠ ಹೇಳಿದ ನಾನು, ಅದು ಯಾರೆಂದು ಒಮ್ಮೆಯೂ ಮಕ್ಕಳನ್ನು ಕೇಳಿರಲಿಲ್ಲ.