ಮನೆತನದ ಹೆಸರು ತಿಳಿಯದ ಗೆಳೆಯ
‘ಇಲ್ ಸೊರ್ಪಾಸ್ಸೊ’ ಎಂಬ ಇಟಲಿಯ ಚಿತ್ರವನ್ನು ಕುರಿತು

ಪ್ರವಾಸವನ್ನು ವಸ್ತುವಾಗಿ ಉಳ್ಳ ಕೃತಿಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಸೇರಬೇಕಾದ ಊರನ್ನು ಮೊದಲೇ ನಿಶ್ಚಯಿಸಿಕೊಂಡು ಹೊರಟವರ ಕಥೆ ಒಂದು. ಮನಸ್ಸು ಬಂದಂತೆ ಎದ್ದು ಹೊರಟು, ದಾರಿ ಕರೆದತ್ತ ಸಾಗಿದವರ ಕಥೆ ಇನ್ನೊಂದು. ಮೊದಲನೆಯದಕ್ಕೆ ಗುರಿಯೇ ಕಟ್ಟನ್ನು ಒದಗಿಸುತ್ತದೆ. ಎರಡನೆಯದಕ್ಕೆ ಅಂಥ ಆಧಾರವಿಲ್ಲ. ಒಂದರ ಹಿಂದೊಂದು ಬರುವ ಸಣ್ಣ ಘಟನೆಗಳನ್ನು ಯಾವ ಸೂತ್ರ ಹಿಡಿದು ನಿಲ್ಲಿಸಿದೆ ಎಂಬುದರಲ್ಲಿಯೇ ಕರ್ತೃವಿನ ಸಾಮರ್ಥ್ಯ ಪರೀಕ್ಷೆಗೆ ಒಳಗಾಗುತ್ತದೆ. ದೀನೋ ರೀಸಿ 1962ರಲ್ಲಿ ನಿರ್ದೇಶಿಸಿದ ‘ಇಲ್ ಸೊರ್ಪಾಸ್ಸೊ’ ಈ ಎರಡನೆಯ ಬಗೆಯ ಶ್ರೇಷ್ಠ ಕೃತಿಗಳಲ್ಲೊಂದು. ಚಲಚ್ಚಿತ್ರವೆಂಬ ಕಾರಣದಿಂದ ಸಾಹಿತ್ಯದ ಅಭ್ಯಾಸಿಗಳು ಇದನ್ನು ದೂರವಿಡಬೇಕಾಗಿಲ್ಲ. ರೀಸಿ, ಎತ್ತೊರೆ ಸ್ಕೋಲಾ ಮತ್ತು ರುಜ್ಜೇರೊ ಮಕ್ಕಾರಿ ಕೂಡಿ ಬರೆದ ಇದರ ಕಥೆಯಲ್ಲಿ ಒಂದು ಉತ್ತಮ ಸಣ್ಣಕಥೆಯ ಬಿಗಿಯಿದೆ.

ಕಥೆ ಸರಳವಾದುದು. ಆಗಸ್ಟ್ 15ರ ಹಬ್ಬದ ದಿನ. ರೋಮ್ ನಗರ ಬರಿದಾಗಿದೆ. ನಡುವಯಸ್ಸಿಗೆ ಕಾಲಿಡುತ್ತಿರುವ ಬ್ರೂನೋ ಎಂಬವನು ಕಾರಿನಲ್ಲಿ ಬೀದಿ ಬೀದಿ ಅಲೆಯುತ್ತ ಒಂದು ಟೆಲಿಫೋನಿಗಾಗಿ ಹುಡುಕುತ್ತಾನೆ. ಕಿಟಕಿಯಲ್ಲಿ ಒಬ್ಬ ತರುಣ ಕಾಣುತ್ತಾನೆ. ಇವನೇ ರೊಬೆರ್ತೊ, ಕಾನೂನಿನ ವಿದ್ಯಾರ್ಥಿ, ಹಬ್ಬದ ದಿನವೂ ಪುಸ್ತಕದ ಮುಂದೆ ಕುಳಿತವನು. ಮೇಲೆ ಬಂದು ಫೋನು ಮಾಡಿದವನಿಗೆ ಅತ್ತಲಿಂದ ಉತ್ತರ ಬರುವುದಿಲ್ಲ. ಉಪಕಾರಕ್ಕೆ ಪ್ರತಿಯಾಗಿ ಏನಾದರೂ ಕುಡಿಯೋಣ ಬಾ ಎಂದು ಅವನು ತರುಣನನ್ನು ಹೊರಡಿಸುತ್ತಾನೆ. ಸ್ವಲ್ಪ ಹೊತ್ತಿನ ಮಾತು ಎರಡು ದಿನಕ್ಕೆ ಬೆಳೆಯುತ್ತದೆ. ರೋಮಿನಿಂದ ಉತ್ತರಕ್ಕೆ, ಕಡಲ ಬದಿಯ ರಸ್ತೆಯಲ್ಲಿ, ಚಿವಿತಾವೆಕ್ಕಿಯಾದ ಬಂದರನ್ನೂ ಗ್ರೊಸ್ಸೇತೊ ಸೀಮೆಯ ಹಳ್ಳಿಮನೆಯನ್ನೂ ಕಾಸ್ತಿಲ್ಯೊಂಚೆಲ್ಲೊ ಎಂಬ ವಿಹಾರಸ್ಥಾನವನ್ನೂ ಮುಟ್ಟಿ ಇವರ ಓಟ ಸಾಗುತ್ತದೆ. ಬ್ರೂನೋನಾಗಿ ವಿತ್ತೋರಿಯೊ ಗಾಸ್ಮನ್, ರೊಬೆರ್ತೊನಾಗಿ ಫ್ರಾನ್ಸಿನ ಜಾನ್ ಲೂಯಿ ತ್ರಾಂತಿನ್ಯಾಂ ಅಭಿನಯಿಸಿದ್ದಾರೆ.

‘ಸೊರ್ಪಾಸ್ಸೊ’ ಎಂದರೆ ದಾರಿಯಲ್ಲಿ ಮುಂದೆ ಹೋಗುತ್ತಿರುವ ವಾಹನವನ್ನು ಹಿಂದಿಕ್ಕುವುದು. ಆ ಕಾಲದ ಇಟಲಿಗೆ ಇದು ಬರಿಯ ರಸ್ತೆಯ ಮಾತಾಗಿರಲಿಲ್ಲ. 1955ರಲ್ಲಿ ಫಿಯಟ್ 600, 1957ರಲ್ಲಿ ಫಿಯಟ್ 500 ಎಂಬ ಸಣ್ಣ ಕಾರುಗಳು ಬಂದು ಸಾಮಾನ್ಯ ಸಂಸಾರಗಳನ್ನು ರಸ್ತೆಗೆ ತಂದಿದ್ದುವು. 1958ರಿಂದ 1963ರವರೆಗಿನ ವರ್ಷಗಳನ್ನು ಅಲ್ಲಿಯವರು ‘ಆರ್ಥಿಕ ಪವಾಡ’ದ ಕಾಲವೆಂದು ಕರೆಯುತ್ತಾರೆ. ಯುದ್ಧದಿಂದ ಜರ್ಝರಿತವಾಗಿದ್ದ ದೇಶ ಒಮ್ಮೆಲೇ ಕೊಳ್ಳಲು, ತಿರುಗಲು, ಕುಣಿಯಲು ತೊಡಗಿತ್ತು. ಬ್ರೂನೋನ ಕಾರಿನ ಹೆಸರು ಲಾಂಚಿಯಾ ಔರೇಲಿಯಾ. ಅದು ಓಡುವ ರಸ್ತೆಯ ಹೆಸರೂ ಔರೇಲಿಯಾ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ರೋಮನರು ಕಡಿದ ದಾರಿ ಅದು. ಹಬ್ಬವೂ ಹಳೆಯದೇ: ಚಕ್ರವರ್ತಿ ಆಗಸ್ಟಸ್ ವಿಧಿಸಿದ ವಿರಾಮದ ದಿನಗಳು ಮುಂದೆ ಮೇರಿಮಾತೆಯ ಸ್ವರ್ಗಾರೋಹಣದ ಹಬ್ಬದೊಡನೆ ಕೂಡಿಕೊಂಡುವು. ಪುರಾತನವಾದ ದಾರಿಯ ಮೇಲೆ, ಪುರಾತನವಾದ ಹಬ್ಬದಂದು, ಹಿಂದಿನದು ಯಾವುದೂ ಬೇಡವೆನ್ನುವ ಮನುಷ್ಯನನ್ನು ಓಡಿಸಿರುವುದು ಆಕಸ್ಮಿಕವಲ್ಲ. ದಾರಿಬದಿಯ ಎಟ್ರುಸ್ಕನ್ ಸಮಾಧಿಗಳ ಮಾತನ್ನು ರೊಬೆರ್ತೊ ಎತ್ತಿದರೆ ಬ್ರೂನೋನಿಗೆ ಅದರಲ್ಲಿ ಆಸಕ್ತಿಯೇ ಇಲ್ಲ.

ಈ ಚಿತ್ರವನ್ನು ವೇಗದ ಬಾಳಿಗೆ ವಿಧಿಸಿದ ದಂಡನೆಯೆಂದು ಅರ್ಥಮಾಡುವುದು ವಾಡಿಕೆ. ಬ್ರೂನೋ ದುಷ್ಪ್ರೇರಕ, ರೊಬೆರ್ತೊ ಬಲಿಪಶು ಎಂಬುದು ಆ ಓದಿನ ಸಾರ. ಇದರಲ್ಲಿ ಸತ್ಯಾಂಶವಿದ್ದರೂ ಇಷ್ಟೇ ಆಗಿದ್ದರೆ ಚಿತ್ರ ನೀತಿಪಾಠವಾಗಿ ಮುಗಿಯುತ್ತಿತ್ತು. ಇದರ ನಿಜವಾದ ಪ್ರಶ್ನೆ ಬೇರೆ: ಮನುಷ್ಯನನ್ನು ಕಾಣುವುದೂ ಅರಿಯುವುದೂ ಒಂದೆಯೇ?

ಹಳ್ಳಿಮನೆಯ ಸನ್ನಿವೇಶವನ್ನು ಪರಿಶೀಲಿಸೋಣ. ರೊಬೆರ್ತೊ ಬಾಲ್ಯದ ರಜೆಗಳನ್ನು ಕಳೆದ ಬಂಧುಗಳ ಮನೆ ಅದು. ಅವನ ನೆನಪಿನಲ್ಲಿ ಪವಿತ್ರವಾಗಿ ಉಳಿದ ತಾಣ. ಬ್ರೂನೋ ಅಲ್ಲಿ ಕಾಲಿಟ್ಟು ಸ್ವಲ್ಪ ಹೊತ್ತಾಗುವುದರೊಳಗೆ, ಮನೆಯ ಹಳೆಯ ಆಳಿಗೆ ಇಟ್ಟ ಅಡ್ಡಹೆಸರಿನಲ್ಲಿ ಯಾವ ಕುಹಕ ಅಡಗಿದೆಯೆಂಬುದನ್ನು ಹೇಳಿಬಿಡುತ್ತಾನೆ. ಸೋದರಸಂಬಂಧಿಯ ಮುಖದಲ್ಲಿ ತಂದೆಯ ಹೋಲಿಕೆಯಿಲ್ಲ, ಜಮೀನಿನ ಪಾರುಪತ್ಯಗಾರನ ಹೋಲಿಕೆಯಿದೆ ಎಂದು ತೋರಿಸಿಕೊಡುತ್ತಾನೆ. ವರ್ಷಗಟ್ಟಲೆ ಪ್ರೀತಿಯಿಂದ ನೋಡಿದ ಹುಡುಗನಿಗೆ ಕಾಣದ್ದು ಹಾದಿಹೋಕನಿಗೆ ಕಂಡಿತು. ಪ್ರೇಕ್ಷಕನು ನಗುತ್ತಾನೆ, ಆದರೆ ರೊಬೆರ್ತೊನ ಮುಖವನ್ನು ನೋಡಿದ ಕೂಡಲೇ ಆ ನಗೆ ಬಾಡುತ್ತದೆ. ಬ್ರೂನೋ ಸುಳ್ಳು ಹೇಳಲಿಲ್ಲ. ಅವನ ನೋಟ ಚುರುಕಾದುದು, ನಿಜವಾದುದು. ಆದರೆ ಕಂಡದ್ದಕ್ಕೆ ಅವನು ಹೊಣೆಗಾರನಲ್ಲ. ಗುಟ್ಟನ್ನು ಹೊರಗೆಡಹಿ ಕಾರನ್ನು ಹತ್ತಿ ಮುಂದೆ ಹೋಗುತ್ತಾನೆ. ಒಡೆದ ನೆನಪಿನೊಡನೆ ಬಾಳಬೇಕಾದವನು ರೊಬೆರ್ತೊ. ಹಿಂದಿಕ್ಕುವುದು ಎಂಬ ಶೀರ್ಷಿಕೆಯ ಧ್ವನಿ ಇಲ್ಲಿ ಮೊದಲಬಾರಿಗೆ ಪೂರ್ಣವಾಗಿ ಕೇಳಿಸುತ್ತದೆ.

ಕಾಸ್ತಿಲ್ಯೊಂಚೆಲ್ಲೊದಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಅಲ್ಲಿರುವುದು ಬ್ರೂನೋನಿಂದ ಬೇರೆಯಾಗಿ ಬಾಳುತ್ತಿರುವ ಹೆಂಡತಿ ಮತ್ತು ಮಗಳು ಲಿಲ್ಲಿ. ಮಗಳು ತಂದೆಯ ವಯಸ್ಸಿನ ಸಿರಿವಂತನೊಬ್ಬನನ್ನು ವರಿಸಲು ನಿಶ್ಚಯಿಸಿದ್ದಾಳೆ. ಊರಿನವರ ಸಂಸಾರಗಳ ಒಳಗನ್ನೆಲ್ಲ ಬಲ್ಲವನಿಗೆ ತನ್ನ ಮನೆಯ ವಾರ್ತೆಯೇ ಹೊಸದು. ಇದಕ್ಕೆ ಮೊದಲು ದಾರಿಯಲ್ಲಿ ಅವನು ಆಂತೊನಿಯೋನಿಯ ‘ಲೆಕ್ಲಿಸ್ಸೆ’ ಎಂಬ ಚಿತ್ರವನ್ನು ಹಾಸ್ಯಮಾಡಿ, ಅದನ್ನು ನೋಡುತ್ತ ನಿದ್ದೆಹೋದೆನೆಂದು ಕೊಚ್ಚಿಕೊಂಡಿರುತ್ತಾನೆ. ಅದೂ 1962ರದೇ, ಒಬ್ಬರನ್ನೊಬ್ಬರು ಮುಟ್ಟಲಾರದ ಮನಸ್ಸುಗಳ ಕಥೆ. ಅದನ್ನು ನಕ್ಕು ತಳ್ಳಿದವನು ತಾನೇ ಅಂಥ ಕಥೆಯೊಳಗೆ ಇದ್ದಾನೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಸನ್ನಿವೇಶಗಳ ಜೋಡಣೆಯಿಂದಲೇ ನಮಗೆ ಹೊಳೆಯುತ್ತದೆ. ಧ್ವನಿಯೆಂದು ನಮ್ಮ ಆಲಂಕಾರಿಕರು ಕರೆದುದಕ್ಕೆ ಇದು ಒಳ್ಳೆಯ ನಿದರ್ಶನ.

ಇನ್ನು ಅಂತ್ಯದ ಮಾತು. ಚಿತ್ರದ ಉದ್ದಕ್ಕೂ ರೊಬೆರ್ತೊನ ಒಳಮಾತು ನಮಗೆ ಕೇಳಿಸುತ್ತಿರುತ್ತದೆ: ಇವನನ್ನು ಬಿಟ್ಟು ಹೊರಡಬೇಕು, ಓದು ಉಳಿದಿದೆ, ಹೇಗೆ ಹೇಳಲಿ ಎಂಬ ಅಳುಕಿನ ಮಾತು. ಕೊನೆಯ ಓಟದಲ್ಲಿ ಅದೇ ತರುಣನು, ಈ ಎರಡು ದಿನಗಳೇ ತನ್ನ ಬಾಳಿನ ಸುಂದರ ದಿನಗಳೆಂದು ಒಪ್ಪಿಕೊಂಡು, ಇನ್ನೂ ವೇಗವಾಗಿ ಓಡಿಸೆಂದು ಬಾಯಿಬಿಟ್ಟು ಕೂಗುತ್ತಾನೆ. ಆದುದರಿಂದ ಅವನನ್ನು ಬರಿಯ ಬಲಿಪಶುವೆನ್ನುವುದು ಸಲ್ಲದು. ಲಿವೋರ್ನೊ ಬಳಿಯ ಕಾಲಾಫುರಿಯಾದ ತಿರುವಿನಲ್ಲಿ ಎದುರಿಗೆ ಲಾರಿ ಬರುತ್ತದೆ. ಬ್ರೂನೋ ಹೊರಗೆ ಬಿದ್ದು ಉಳಿಯುತ್ತಾನೆ. ಕಾರು ರೊಬೆರ್ತೊನೊಡನೆ ಬಂಡೆಗಳ ಮೇಲೆ ಉರುಳುತ್ತದೆ. ಪೋಲೀಸಿನವನು ಸತ್ತವನ ಹೆಸರನ್ನು ಕೇಳಿದಾಗ ಬ್ರೂನೋ ರೊಬೆರ್ತೊ ಎಂದಷ್ಟೇ ಹೇಳಬಲ್ಲ. ಮನೆತನದ ಹೆಸರು ಅವನಿಗೆ ಗೊತ್ತಿಲ್ಲ. ಪರಿಚಯವಾದುದು ಹಿಂದಿನ ದಿನವಷ್ಟೇ.

ಹಾಸ್ಯದ ಕಥೆಗೆ ಸಾವಿನ ಅಂತ್ಯ ಉಚಿತವೇ ಎಂಬ ಆಕ್ಷೇಪವಿದೆ. ದಾರಿಯುದ್ದಕ್ಕೂ ಸ್ಮಶಾನವನ್ನೂ, ಅಪಘಾತದಲ್ಲಿ ರೆಫ್ರಿಜಿರೇಟರುಗಳನ್ನು ಚೆಲ್ಲಿ ನಿಂತ ಲಾರಿಯನ್ನೂ ತೋರಿಸಿದ ಮೇಲೆ ಅದು ಹೊರಗಿನಿಂದ ತಂದುದೆನ್ನಲಾಗದು. ಔಚಿತ್ಯ ಕೆಟ್ಟಿಲ್ಲ. ಕೊರತೆಯಿರುವುದು ಬೇರೆಡೆಯಲ್ಲಿ. ರೊಬೆರ್ತೊ ಮನಸ್ಸಿನಲ್ಲೇ ಪ್ರೀತಿಸುವ ನೆರೆಮನೆಯ ವಲೇರಿಯಾ ಹೆಸರಾಗಿಯೇ ಉಳಿಯುತ್ತಾಳೆ. ಗಂಡನನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಹೆಂಡತಿಗೆ ದೊರೆತ ಅವಕಾಶ ಸಾಲದು. ಹೊಸ ಕುಣಿತವನ್ನು ಕಲಿಯುತ್ತಿರುವ ಹಳ್ಳಿಗರು ಬ್ರೂನೋನ ಕುಚೋದ್ಯದ ಕಣ್ಣಿನಿಂದಲೇ ನಮಗೆ ಕಾಣುತ್ತಾರೆ. ಅವರ ಕಣ್ಣಿಗೆ ಈ ಕಾರು ಹೇಗೆ ಕಂಡಿತು ಎಂಬುದನ್ನು ಚಿತ್ರ ಕೇಳುವುದಿಲ್ಲ. ವೇಗವಾಗಿ ಕಂಡು ಮುಂದೆ ಹೋಗುವ ದೋಷ ಇಲ್ಲಿ ಸ್ವಲ್ಪಮಟ್ಟಿಗೆ ಕೃತಿಗೂ ಅಂಟಿದೆ.

ಆದರೂ ಅರವತ್ತು ವರ್ಷಗಳಿಗೂ ಮಿಕ್ಕಿ ಈ ಚಿತ್ರ ಹಳತಾಗದೆ ಉಳಿದಿರುವುದು ಯೋಗ್ಯವೇ ಆಗಿದೆ. ಪುಸ್ತಕವನ್ನು ಮುಚ್ಚಿ ಹೊರಗೆ ಹೋಗಬೇಡವೆಂದು ಅದು ವಿದ್ಯಾರ್ಥಿಗೆ ಹೇಳುವುದಿಲ್ಲ. ಹೋಗದಿದ್ದರೆ ರೊಬೆರ್ತೊನಿಗೆ ಆ ಎರಡು ದಿನಗಳ ಸಂತೋಷವೂ ದೊರೆಯುತ್ತಿರಲಿಲ್ಲ. ಅವರ ಗೆಳೆತನ ಸುಳ್ಳೆಂದೂ ಹೇಳುವುದಿಲ್ಲ. ಅದಕ್ಕೆ ಒದಗಿದ ಕಾಲ ಸಾಲದಾಯಿತೆಂಬುದನ್ನು ಮಾತ್ರ, ಪೋಲೀಸಿನವನ ಒಂದು ಸಾಮಾನ್ಯ ಪ್ರಶ್ನೆಯ ಮೂಲಕ, ಮರೆಯದಂತೆ ತೋರಿಸುತ್ತದೆ. ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂದು ತರಗತಿಯಲ್ಲಿ ಕಲಿಸುವವರಿಗೆ ಇದಕ್ಕಿಂತ ತಕ್ಕ ಉದಾಹರಣೆ ಸುಲಭವಾಗಿ ಸಿಗಲಾರದು.