ಲೆಕ್ಕಕ್ಕೆ ಸಿಗದ ಮುತ್ತಜ್ಜಿ

ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷಕ್ಕೂ ವಂಶಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಪೌತಿ ಖಾತೆಗೆ ಬೇಕಾಗುವ ಕಾಗದ ಅದು. ಯಾರಿಗೆ ಪಾಲು ಹೋಗಬೇಕು ಎಂಬುದಷ್ಟೇ ಅದರ ಚಿಂತೆ. ಮಕ್ಕಳಿಲ್ಲದೆ ತೀರಿಕೊಂಡ ದೊಡ್ಡಪ್ಪ, ಬಾಣಂತನದಲ್ಲಿ ಹೋದ ಮೊದಲ ಹೆಂಡತಿ, ಜಗಳವಾಡಿ ಊರು ಬಿಟ್ಟ ಚಿಕ್ಕಜ್ಜ ಅದರಲ್ಲಿ ಇರುವುದಿಲ್ಲ. ಮನೆತನದ ಹಿಂದಿನವರನ್ನು ಹುಡುಕುವ ಹವ್ಯಾಸಕ್ಕೆ ಬಿದ್ದವರು ಈ ಕಾಗದ ಹಿಡಿದು ಹೊರಟು, ಮೂರು ತಲೆ ದಾಟುವಷ್ಟರಲ್ಲಿ ತಡೆದು ನಿಲ್ಲುತ್ತಾರೆ. ಮುತ್ತಜ್ಜನ ಅಪ್ಪ ಯಾರು ಎಂದು ಕೇಳಿದರೆ ಹಿರಿಯರು "ಅವರ ಹೆಸರೂ ಸಿದ್ದಪ್ಪನೇ" ಎನ್ನುತ್ತಾರೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿನಲ್ಲಿ ಒಂದೇ ಮನೆಯಲ್ಲಿ ಮೂವರು ಸಿದ್ದಪ್ಪಂದಿರು ಆಗಿಹೋಗಿರುತ್ತಾರೆ. ಒಬ್ಬನ ಸಾಲ ಇನ್ನೊಬ್ಬನ ತಲೆಗೆ, ಒಬ್ಬನ ಹೆಂಡತಿ ಇನ್ನೊಬ್ಬನಿಗೆ ಅಂಟಿಕೊಳ್ಳುವುದು ಇಲ್ಲೇ.

ಅಡ್ಡಹೆಸರು ದಾರಿ ತೋರೀತು ಎಂದರೆ ಅದೂ ಪೂರ್ತಿ ನಂಬಿಕಸ್ಥನಲ್ಲ. ಧಾರವಾಡ ಸೀಮೆಯಲ್ಲಿ ಊರೂರಿಗೂ ಒಂದು ಹೊಸಮನಿ ಮನೆತನ. ಅವರೆಲ್ಲ ಒಂದೇ ಬಳ್ಳಿಯವರೆಂದು ಹೊರಟವರು ಕಾಲು ನೋಯಿಸಿಕೊಂಡಾರು, ಅಷ್ಟೆ. ಹಳೇ ಮೈಸೂರಿನ ಇನಿಷಿಯಲ್ಲುಗಳು ಮಾತ್ರ ಕೆಲವೊಮ್ಮೆ ಗಟ್ಟಿ ಸಾಕ್ಷಿ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿನ ಮೊದಲ ಅಕ್ಷರ ಮುದ್ದೇನಹಳ್ಳಿಯದಲ್ಲ, ಆಂಧ್ರದ ಮೋಕ್ಷಗುಂಡಂ ಊರಿನದು. ಹಿಂದಿನವರು ವಲಸೆ ಬಂದ ಸಂಗತಿ ಆ ಒಂದಕ್ಷರದಲ್ಲಿ ಉಳಿದಿದೆ.

ಇಸವಿಯ ಕಾಟ ಬೇರೆ. ಅಜ್ಜಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಸಂವತ್ಸರವೋ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಧಾತು ಸಂವತ್ಸರದಲ್ಲಿ ಹುಟ್ಟಿದವನು 1876ರವನೋ 1936ರವನೋ ಎಂದು ತೀರ್ಮಾನಿಸಲು ಬೇರೆ ಆಧಾರ ಬೇಕು. ಶಾಲೆಯ ದಾಖಲಾತಿ ರಿಜಿಸ್ಟರ್ ತೆಗೆದರೆ ಅಲ್ಲಿ ಅರ್ಧ ಊರೇ ಜೂನ್ 1ರಂದು ಹುಟ್ಟಿರುತ್ತದೆ. ಮೇಷ್ಟ್ರುಗಳ ಕೃಪೆ!

ಹಳೇ ಮೈಸೂರು ಸೀಮೆಯ ಹುಡುಕಾಟಗಳು ಮುಗ್ಗರಿಸುವ ಜಾಗವೊಂದಿದೆ: ಧಾತು ಈಶ್ವರದ ಬರ. 1876ರಿಂದ 78ರವರೆಗಿನ ಆ ಬರಗಾಲದಲ್ಲಿ ಊರಿಗೆ ಊರೇ ಖಾಲಿಯಾದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರಲ್ಲಿ ಅದು 42 ಲಕ್ಷಕ್ಕೂ ಕಡಿಮೆ. ಸತ್ತವರು ಸತ್ತರು. ಬದುಕಿದವರು ಗಂಜಿ ಕೇಂದ್ರ ಹುಡುಕಿಕೊಂಡು, ಕೂಲಿ ಹುಡುಕಿಕೊಂಡು ಹೋದಲ್ಲೇ ನೆಲೆ ನಿಂತರು. ಇಂಥ ಮನೆತನದವರು ಈಗಿನ ಊರಿನಲ್ಲಿ ಎಷ್ಟು ಅಗೆದರೂ 1880ರ ಹಿಂದಿನದು ಸಿಗುವುದು ಕಷ್ಟ. ಮನೆದೇವರು ಯಾವ ಊರಿನಲ್ಲಿದೆ ಎಂದು ಕೇಳುವುದೇ ಜಾಣತನ. ಮನೆ ಬದಲಾದರೂ ಮನೆದೇವರನ್ನು ಸುಲಭಕ್ಕೆ ಯಾರೂ ಬದಲಿಸುವುದಿಲ್ಲ.

ಈ ಹುಡುಕಾಟದಲ್ಲಿ ಉತ್ತರ ಕರ್ನಾಟಕದವರಿಗೆ ಇರುವ ಅನುಕೂಲ ಉಳಿದವರಿಗೆ ಹೊಟ್ಟೆಕಿಚ್ಚು ತರಿಸುವಂಥದ್ದು. ಅವರಿಗೆ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಕೊರಳ ಗಂಟೆ ಸದ್ದು ಮಾಡುತ್ತ ಹೆಳವ ಮನೆ ಬಾಗಿಲಿಗೆ ಬಂದು, ಆ ಮನೆಯ ತಲೆತಲಾಂತರದ ಹೆಸರುಗಳನ್ನು ಒಪ್ಪಿಸಿ, ದವಸ, ಬಟ್ಟೆ, ಹಣ ಪಡೆದು ಹೋಗುವುದು ವಾಡಿಕೆ. ಎತ್ತಿನ ಮೇಲೆ ಕೂತು ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಬರುತ್ತಿದ್ದ ಹೆಳವರ ವಿಷಯವನ್ನು ಎಡ್ಗರ್ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಯಾವ ಹೆಳವನಿಗೆ ಯಾವ ಊರು, ಯಾವ ಮನೆ ಎಂಬುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರು ಅವರ ಪುಸ್ತಕ ಸೇರುತ್ತದೆ. ಈಗ ಎತ್ತಿನ ಬದಲು ಮೋಟರ್‌ಸೈಕಲ್ಲಿನಲ್ಲಿ ಬಂದರೂ ಪುಸ್ತಕ ಬಗಲಲ್ಲೇ.

ಹೆಳವರ ಮಾತನ್ನು ಎಷ್ಟು ನಂಬಬೇಕು? ಮೂಲಪುರುಷನ ಶೌರ್ಯ, ದೊರೆ ಕೊಟ್ಟ ಉಂಬಳಿ, ಹುಲಿ ಕೊಂದ ಕಥೆ ಇತ್ಯಾದಿಗಳಿಗೆ ದಾನ ಕೊಡುವವರ ಮನಸ್ಸು ತಣಿಸುವ ಕೆಲಸವೂ ಇದೆ. ಕೇಳಿ ಸಂತೋಷಪಡಬಹುದು, ಬರೆದಿಟ್ಟುಕೊಳ್ಳುವಾಗ ಬೇರೆ ಹಾಳೆ ಬಳಸಬೇಕು. ಅಣ್ಣತಮ್ಮಂದಿರು ಎಷ್ಟು ಜನ, ಯಾವ ಊರಿನಿಂದ ಯಾವ ಊರಿಗೆ ಹೋದರು, ಯಾವ ಕವಲು ಎಲ್ಲಿ ನಿಂತಿತು ಎಂಬ ಸಪ್ಪೆ ವಿವರಗಳಿಗೇ ನಿಜವಾದ ಬೆಲೆ. ಸುಳ್ಳು ಹೇಳಿ ಲಾಭವಿಲ್ಲದ ಕಡೆ ಬಾಯಿಮಾತಿನ ದಾಖಲೆ ಬಲು ಗಟ್ಟಿ.

ಯಾತ್ರೆಗೆ ಬಂದವರ ವಂಶ ಬರೆದಿಡುವ ಗಯಾ, ತ್ರ್ಯಂಬಕೇಶ್ವರ, ಹರಿದ್ವಾರಗಳ ಪುರೋಹಿತರ ವಹಿಗಳೂ ಪ್ರಸಿದ್ಧವೇ. ಹರಿದ್ವಾರದ ವಹಿಗಳನ್ನು ಅಮೆರಿಕದ ಉಟಾದ ವಂಶಾವಳಿ ಸಂಘದವರು ಮೈಕ್ರೋಫಿಲ್ಮ್ ಮಾಡಿಸಿದ್ದಾರೆ. ಆದರೆ ಕಾಶಿಯಾತ್ರೆ ಮಾಡುವ ಶಕ್ತಿ ಇದ್ದವರಷ್ಟೇ ವಹಿಗೆ ಸಿಕ್ಕರು.

ಹಾಗಾಗಿ ಇಂಥವನು ಎಲ್ಲಿದ್ದ ಎಂದು ಹುಡುಕುವ ಮೊದಲು, ಇಂಥವನ ಹೆಸರು ಬರೆದುಕೊಳ್ಳುವ ಗರಜು ಯಾರಿಗಿತ್ತು ಎಂದು ಯೋಚಿಸಬೇಕು. ಪಟೇಲ, ಶಾನುಭೋಗ, ದೇಸಾಯಿಗಳ ಮನೆತನ ಸನದು, ಕಡತ, ಶಾಸನಗಳಲ್ಲಿ ಸಲೀಸಾಗಿ ಸಿಗುತ್ತದೆ. ಗೇಣಿದಾರ ಸಿಗುವುದಿಲ್ಲ, ಜೀತದವನು ಸಿಗುವುದೇ ಇಲ್ಲ. ಪಹಣಿಯಲ್ಲಿ ಒಡೆಯನ ಹೆಸರು ಕಂಡು ನಿರಾಶರಾದವರು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಡತಗಳತ್ತ ತಿರುಗಬೇಕು. ಉಳುವವನೇ ಹೊಲದೊಡೆಯ ಎಂಬ ಆ ಕಾಲದಲ್ಲಿ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿಗೆ ಹಾಕಿದರು. ಕರಾವಳಿಯಲ್ಲಿ ಇದಕ್ಕೆ ಡಿಕ್ಲರೇಶನ್ ಹಾಕುವುದು ಎಂದೇ ಹೆಸರು. ಅಪ್ಪನ ಕಾಲದಿಂದ ಉಳುತ್ತಿದ್ದೇವೋ ಅಜ್ಜನ ಕಾಲದಿಂದಲೋ, ಗೇಣಿ ಎಷ್ಟು ಮುಡಿ ಕೊಡುತ್ತಿದ್ದೆವು, ಅಕ್ಕಪಕ್ಕ ಯಾರ ಗದ್ದೆ ಎಂದೆಲ್ಲ ಹೇಳಿಕೆ ಕೊಟ್ಟರು. ಎಷ್ಟೋ ಮನೆತನಗಳ ಮೂರು ತಲೆಮಾರು ಮೊದಲ ಬಾರಿಗೆ ಕಾಗದಕ್ಕೆ ಇಳಿದದ್ದು ಆಗ. ಒಂದು ಕಿವಿಮಾತು: ತಾಲ್ಲೂಕು ಕಚೇರಿಯಲ್ಲಿ ಈ ಕಡತವನ್ನು ಹೆಸರು ಹೇಳಿ ಕೇಳಿದರೆ ಸಾಲದು, ಸರ್ವೆ ನಂಬರ್ ಹೇಳಿ ಕೇಳಬೇಕು.

ದಲಿತ ಮನೆತನಗಳಿಗೆ ಇನ್ನೊಂದು ದಾರಿಯಿದೆ. ತೋಟಿ, ತಳವಾರ, ನೀರಗಂಟಿ ಕೆಲಸಗಳಿಗೆ ವಂಶಪಾರಂಪರ್ಯವಾಗಿ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು, ಆ ಜಮೀನನ್ನು ಹುದ್ದೆ ಮಾಡಿದವರಿಗೇ ಮರುಮಂಜೂರು ಮಾಡುವ ಕೆಲಸ ಶುರುವಾಯಿತು. ತೋಟಿಕೆ ಮಾಡುತ್ತಿದ್ದವನು ನನ್ನ ತಾತನೋ ನಿನ್ನ ತಾತನೋ ಎಂಬ ದಾಯಾದಿ ಜಗಳ ಎದ್ದರೆ ವಂಶಾವಳಿ ಮುಂದಿಡದೆ ಗತಿಯಿಲ್ಲ. ಜಗಳವಿಲ್ಲದ ಮನೆತನಕ್ಕಿಂತ ಜಗಳಗಂಟ ಮನೆತನದ ಚರಿತ್ರೆ ಬರೆಯುವುದು ಸುಲಭ.

ಎಲ್ಲರಿಗಿಂತ ಕಠಿಣ ಹೆಂಗಸರದ್ದು. ಗಂಡಸು 'ಬಿನ್' ಹಿಡಿದು ಅಪ್ಪನಿಗೆ ಗಂಟು ಬಿದ್ದಿರುತ್ತಾನೆ, ಹೆಂಗಸು 'ಕೋಂ' ಹಿಡಿದು ಗಂಡನಿಗೆ. ಲಕ್ಷ್ಮಮ್ಮ ಕೋಂ ಸಿದ್ದಪ್ಪ ಎಂದು ಬರೆದ ಕ್ಷಣಕ್ಕೆ ಅವಳ ಅಪ್ಪ, ಅವ್ವ, ಊರು ಎಲ್ಲ ಮರೆ. 1951–52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದಂಥ ಕಡೆ ಲಕ್ಷಾಂತರ ಹೆಂಗಸರು ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರು, ಸ್ವಂತ ಹೆಸರು ಹೇಳಿರಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಾಗೆ ನಡೆಯದು ಎಂದರು. ಸುಮಾರು 28 ಲಕ್ಷ ಮಂದಿ ಮತದಾರರ ಪಟ್ಟಿಯಿಂದ ಹೊರಗುಳಿದರು.

ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಇದು ತಲೆಕೆಳಗು. ಅಲ್ಲಿ ಕುಟುಂಬ ಶುರುವಾಗುವುದೇ ಒಬ್ಬ ಮೂಲ ಹೆಂಗಸಿನಿಂದ. ಪಾಲಿಗೆ ಅವಕಾಶ ಕೊಟ್ಟ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ವ್ಯಾಜ್ಯಗಳಲ್ಲಿ ಸಲ್ಲಿಸಿದ ವಂಶಾವಳಿಗಳಲ್ಲಿ ಅಜ್ಜಿ, ಅಜ್ಜಿಯ ತಾಯಿ, ಅವಳ ತಂಗಿ ಎಲ್ಲರೂ ಸಾಲಾಗಿ ಸಿಗುತ್ತಾರೆ, ಹುಡುಕಿ ಸಾಯಬೇಕಾದ್ದು ಗಂಡಂದಿರನ್ನು.

ಉಳಿದ ಕಡೆ ಮುತ್ತಜ್ಜಿಯ ತವರು ತಿಳಿಯಲು ಸಬ್‌ರಿಜಿಸ್ಟ್ರಾರ್ ಕಚೇರಿಯ ಹಳೆ ಇಂಡೆಕ್ಸ್ ಪುಸ್ತಕಗಳೇ ಗತಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದನೆಯ ಇಂಡೆಕ್ಸ್ ಹೆಸರುವಾರು, ಎರಡನೆಯದು ಆಸ್ತಿವಾರು. ಶುಲ್ಕ ಕಟ್ಟಿದ ಯಾರು ಬೇಕಾದರೂ ಇವನ್ನು ನೋಡಬಹುದು. ಅರಿಶಿನ ಕುಂಕುಮಕ್ಕೆಂದು ತವರಿನವರು ಕೊಟ್ಟ ಒಂದೆರಡು ಗುಂಟೆಯ ದಾನಪತ್ರ ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಗಂಡನ ಮನೆಯ ಅಡಮಾನ ಪತ್ರಗಳನ್ನೇ ಕೊನೆಯಿಂದ ಓದಬೇಕು. ಪತ್ರ ಬರೆದು ಬಿಕ್ಕಲಂ ಹಾಕಿದವನ ಹೆಸರಿನ ಹತ್ತಿರವೇ ಸಾಕ್ಷಿಗಳ ಹೆಸರು ಇರುತ್ತದೆ. ಊರಿನವನಲ್ಲದ ಸಾಕ್ಷಿಯೊಬ್ಬ ಎರಡು ಮೂರು ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರೆ, ಅವನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರುವ ಸಂಭವ ಹೆಚ್ಚು. ಅವನ ಊರಿನ ಹೆಸರು ಗುರುತು ಹಾಕಿಕೊಂಡು, ಮುಂದಿನ ಶುಲ್ಕವನ್ನು ಆ ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಟ್ಟಬೇಕು.