ತುಳಿದರೆ ಉಸಿರಾಡುವ ಪೇಟಿ

ಮಿರಜದ ಸತಾರಮೇಕರ ಗಲ್ಲಿಗೆ ಹೋದವರ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ಸೂರಿಗೆ ತೂಗಿಬಿಟ್ಟ ಒಣ ಸೋರೆಬುರುಡೆಗಳು, ಗೋಡೆಗೊರಗಿದ ತಂಬೂರಿಗಳು. ನನ್ನ ಕಣ್ಣು ಬಿದ್ದದ್ದು ನೆಲದ ಮೇಲೆ. ಗೋಣಿತಾಟಿನ ಮೇಲೆ ಒಂದು ಹಳೆಯ ನಾಟಕದ ಆರ್ಗನ್ ಕರುಳು ಬಿಚ್ಚಿಕೊಂಡು ಮಲಗಿತ್ತು. ಪಕ್ಕದ ಹಲಗೆಯ ಮೇಲೆ ಅದರ ಹಿತ್ತಾಳೆ ರೀಡುಗಳು, ಸೀಮೆಸುಣ್ಣದಲ್ಲಿ ಅಂಕಿ ಬರೆದ ಜಾಗದಲ್ಲಿ ಒಂದೊಂದಾಗಿ, ಪಂಕ್ತಿಯೂಟಕ್ಕೆ ಕೂತಂತೆ ಕೂತಿದ್ದವು.

ಚರ್ಚಿನ ಪೈಪ್ ಆರ್ಗನ್ನಿನಲ್ಲಿ ನುಡಿಸುವವನ ಕನ್ಸೋಲ್ ಒಂದು ಕಡೆ, ಸ್ವರ ಹುಟ್ಟುವ ಕೊಳವೆಗಳ ಕಾಡು ಇನ್ನೊಂದು ಕಡೆ. ನಮ್ಮ ಕಂಪನಿ ನಾಟಕಗಳ ಆರ್ಗನ್ನಿಗೆ ಕೊಳವೆಯೇ ಇಲ್ಲ. ಕನ್ಸೋಲಿನ ಹೊಟ್ಟೆಯಲ್ಲೇ ಸಂಸಾರವೆಲ್ಲ. 1854ರಲ್ಲಿ ಬೋಸ್ಟನ್ನಿನಲ್ಲಿ ಶುರುವಾದ ಮೇಸನ್ ಆ್ಯಂಡ್ ಹ್ಯಾಮ್ಲಿನ್, ವರ್ಮಾಂಟಿನ ಎಸ್ಟಿ ಮೊದಲಾದ ಕಂಪನಿಗಳು ಈ ಜಾತಿಯ ವಾದ್ಯವನ್ನು ಲಕ್ಷಗಟ್ಟಲೆ ಮಾಡಿದವು. ಭಜನೆಯ ಪೆಟ್ಟಿಗೆಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ತಿದಿ ಗಾಳಿಯನ್ನು ರೀಡಿನ ಮೇಲೆ ದೂಡುತ್ತದೆ. ಇದರಲ್ಲಿ ತದ್ವಿರುದ್ಧ: ಕಾಲು ತುಳಿದಂತೆ ತಿದಿ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಊದುತ್ತದೆ, ಇನ್ನೊಂದು ಹೀರುತ್ತದೆ. ಭಜನೆಯ ಪೆಟ್ಟಿಗೆ ಗದರಿಸಿದಂತೆ ಕೇಳಿದರೆ ಆರ್ಗನ್ ತುಟಿ ಮುಚ್ಚಿ ಹಾಡಿದಂತೆ ಕೇಳುವುದರಲ್ಲಿ ಈ ಹೀರುವ ಉಸಿರಿನ ಪಾಲು ದೊಡ್ಡದು.

ಇಂಥ ಆರ್ಗನ್ ನಾಟಕದ ಈ ಸೀಮೆಯಲ್ಲಿ ಸಿಗುವುದು ಆಶ್ಚರ್ಯವಲ್ಲ. ಹೊನ್ನಾವರದ ಕರ್ಕಿಯ ಭಾಗವತರ ಮೇಳ 1842ರಲ್ಲಿ ಪಕ್ಕದ ಸಾಂಗಲಿಗೆ ಬಂದು ಆಡಿತು. ಅದನ್ನು ನೋಡಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲೂ ಅಂಥದ್ದಾಗಲಿ ಎಂದರು. ಮರುವರ್ಷ ವಿಷ್ಣುದಾಸ ಭಾವೆಯವರ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ 'ಶಾಕುಂತಲ' ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂದೆ ಗಾಯಕ-ನಟ ಬಾಲಗಂಧರ್ವರ ನಾಟಕ ಕಂಪನಿಯಲ್ಲಿ ಅಹ್ಮದ್‌ಜಾನ್ ತಿರಖವಾರ ತಬಲಾ, ಕಾದರಬಕ್ಷರ ಸಾರಂಗಿ. ಅವೆರಡರ ಕೆಳಗೆ ಜಮಖಾನೆಯಂತೆ ಹಾಸಿಕೊಂಡಿರುತ್ತಿದ್ದದ್ದು ಆರ್ಗನ್. ನಮ್ಮ ಕಡೆಯ ಕಂಪನಿಗಳಲ್ಲಿಯೂ ಪೇಟಿ ಮಾಸ್ತರನೆಂದರೆ ಮಾಲೀಕನಿಗೆ ಸಮನಾದ ಗತ್ತಿನವನು. ಮಲ್ಲಿಕಾರ್ಜುನ ಮನಸೂರರು ನಾಟಕದ ಹುಡುಗನಾಗಿದ್ದವರು ನೀಲಕಂಠಬುವಾ ಅವರ ಶಿಷ್ಯರಾಗಿ ಸಂಗೀತ ಕಲಿತದ್ದು ಇದೇ ಮಿರಜದಲ್ಲಿ.

ಗಲ್ಲಿಯಲ್ಲಿ ಆ ಆರ್ಗನ್ ಬಿಚ್ಚಿಟ್ಟಿದ್ದ ರಿಪೇರಿಯವರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಮಾತು ಅರ್ಧ ಮರಾಠಿ, ಅರ್ಧ ಅಥಣಿ ಕಡೆಯ ಕನ್ನಡ. ಒಂದು ರೀಡನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಿತ್ತಾಳೆಯ ಚೌಕಟ್ಟಿನಲ್ಲಿ ತೆಳ್ಳನೆಯ ನಾಲಿಗೆ. ಸುತ್ತ ಕೂದಲೆಳೆಯಷ್ಟು ಸಂದು. ನಾಲಿಗೆಯ ತುದಿ ಸ್ವಲ್ಪ ಬಾಗಿ, ಬಾಗಿದಲ್ಲೇ ತುಸು ತಿರುಚಿಕೊಂಡಿತ್ತು. “ಈ ತಿರುವಿನ್ಯಾಗ ಅದರಿ ಎಲ್ಲಾ. ನೆಟ್ಟಗ ಮಾಡಿದ್ರ ಮೂಗಿನ್ಯಾಗ ಮಾತಾಡತೈತಿ,” ಅಂದರು. ಸ್ವರ ಇಳಿದಿದ್ದರೆ ತುದಿಯಲ್ಲಿ ಕೆರೆಯುತ್ತಾರೆ, ಏರಿದ್ದರೆ ಬುಡದಲ್ಲಿ. ಒಂದೆಳೆ ಹೆಚ್ಚು ಕೆರೆದರೆ ಬುಡದಲ್ಲೇ ಮುರಿಯುವ ಭಯ. ಕೆರೆಯುವುದು, ಒರೆಸುವುದು, ಗೂಡಿಗೆ ಕೂರಿಸಿ ಕೇಳುವುದು, ಮತ್ತೆ ಎಳೆಯುವುದು. ಅರ್ಧ ಗಂಟೆಯಲ್ಲಿ ಅವರು ಮುಗಿಸಿದ್ದು ಮೂರು ಸ್ವರ.

ತಿದಿಯ ಬಟ್ಟೆ ಗೆದ್ದಲು ಹಿಡಿದು ಹೋಗಿತ್ತು, ಹೊಸದು ಹಾಕಿದ್ದರು. ಬೆರಳು ಒತ್ತುವ ಮನೆಗಳ ಕೆಳಗಿನ ಉಣ್ಣೆಯ ಹಾಸನ್ನು ನುಸಿ ತಿಂದಿತ್ತು, ಅದೂ ಹೊಸದು. ಇವು ಮಾಡಲೇಬೇಕಾದ ಕೆಲಸಗಳು. ಆದರೆ ಬಿಳಿ ಮನೆಗಳ ಮೇಲುಪಟ್ಟಿಯನ್ನು ಅವರು ಮುಟ್ಟಿರಲಿಲ್ಲ. ಪ್ರತಿ ಪಟ್ಟಿಯಲ್ಲೂ ಅಡ್ಡಕ್ಕೊಂದು ಸಣ್ಣ ಬೆಸುಗೆಗೆರೆ. ಎರಡು ತುಂಡು ಜೋಡಿಸಿದ ದಂತದ ಗುರುತು ಅದು. ಬಗ್ಗಿ ನೋಡಿದೆ. ನಡುವಿನ ಸಪ್ತಕದ ಆರೇಳು ಮನೆಗಳು ಹೊಸ್ತಿಲಿನಂತೆ ಸವೆದು ತಗ್ಗಾಗಿದ್ದವು. ಕೊನೆಯ ಮನೆಗಳು ನುಣ್ಣಗೆ, ಯಾರೂ ಮುಟ್ಟದಂತೆ. ಕರಿ ಎರಡೋ ಬಿಳಿ ನಾಕೋ, ಯಾವ ಶ್ರುತಿಯ ಗಾಯಕರು ಈ ಪೇಟಿಯ ಮುಂದೆ ಹೆಚ್ಚು ನಿಂತರೆಂಬುದನ್ನು ಲೆಕ್ಕ ಬಲ್ಲವರು ಆ ತಗ್ಗುಗಳಲ್ಲೇ ಓದಬಹುದು. ಹಳೆಯ ವಾದ್ಯಗಳಿಗೆ ಕನ್ನಡಿಯಂಥ ಪಾಲಿಶ್ ಬಳಿದು, ಮನೆಗಳಿಗೆ ಪ್ಲಾಸ್ಟಿಕ್ ಅಂಟಿಸಿ, ಹೋಟೆಲಿನ ಪಡಸಾಲೆಯಲ್ಲಿ ನಿಲ್ಲಿಸುವವರ ಮೇಲೆ ನನಗೆ ಸಿಟ್ಟಿದೆ. ಅದು ಅಜ್ಜಿಗೆ ಮದುಮಗಳ ಬಣ್ಣ ಹಚ್ಚಿದಂತೆ.

ಎರಡನೇ ಸಲ ಹೋದಾಗ ಪೇಟಿ ಎದ್ದು ನಿಂತಿತ್ತು. ಅವರು ಚಪ್ಪಲಿ ಕಳಚಿ ಕೂತರು. ಎರಡೂ ಪಾದ ಆಡತೊಡಗಿದವು. ಒಳಗೆಲ್ಲೋ ಗಾಳಿ ಸರಿಯುವ ಮೆಲ್ಲನೆಯ ಸದ್ದು. ಬಲ ಮೊಣಕಾಲಿನಿಂದ ಪಕ್ಕದ ಹಲಗೆಯನ್ನು ದೂಡಿದರು. ಷಡ್ಜ ಅಲ್ಲೇ ನಿಂತು ಉಬ್ಬಿತು, ಮೊಣಕಾಲು ಬಿಟ್ಟೊಡನೆ ತಗ್ಗಿತು. ಮೀಂಡ್ ಬಾರದ ವಾದ್ಯ ಎಂಬುದು ಹಾರ್ಮೋನಿಯಂ ಮೇಲಿನ ಹಳೆಯ ದೂರು. ಹಾರ್ಮೋನಿಯಂ ಅನ್ನು ರೇಡಿಯೊ 1940ರಲ್ಲಿ ಹೊರಗೇ ಇಟ್ಟಿತು. ದೂರು ಸುಳ್ಳಲ್ಲ. ಆದರೆ ಸ್ವರದಿಂದ ಸ್ವರಕ್ಕೆ ಜಾರಲಾರದ ಈ ಪೇಟಿ ಒಂದೇ ಸ್ವರದೊಳಗೆ ಇಷ್ಟು ಏರಿಳಿತ ತೋರಬಲ್ಲುದು ಎಂದು ನಾನು ಎಣಿಸಿರಲಿಲ್ಲ. ಆಮೇಲೆ ‘ವಾಕ್ಸ್ ಹ್ಯೂಮಾನಾ’ ಎಂದು ಬರೆದ ಗುಂಡಿ ಎಳೆದರು. ಹಿಂದೆ ಒಂದು ಪುಟ್ಟ ರಟ್ಟಿನ ಪಂಖ ಗಾಳಿಯ ಸೆಳೆತಕ್ಕೇ ತಿರುಗತೊಡಗಿತು, ಸ್ವರ ನೀರಿನ ಮೇಲಿನ ಬೆಳಕಿನಂತೆ ನಡುಗಿತು. ಎದುರಿನ ಅಂಗಡಿಯಲ್ಲಿ ತಂಬೂರಿಯ ಕುದುರೆಯ ಜವಾರಿ ತಿದ್ದುತ್ತಿದ್ದ ಹುಡುಗ ಕೈ ನಿಲ್ಲಿಸಿ ಅದರ ತಂತಿಯನ್ನು ಅದೇ ಷಡ್ಜಕ್ಕೆ ಎಳೆದ.

ಬೆಳಗಾವಿ, ಗದಗ, ವಿಜಯಪುರದ ಎಷ್ಟೋ ಮನೆಗಳ ಅಟ್ಟದಲ್ಲಿ, ಮಠಗಳ ಉಗ್ರಾಣದಲ್ಲಿ ಇಂಥ ಪೇಟಿಗಳು ಹಳೇ ಪಾತ್ರೆ ಹೊತ್ತು ಕೂತಿರಬಹುದು. ಗುಜರಿಗೆ ಹಾಕುವ ಮೊದಲು ಒಮ್ಮೆ ತುಳಿದು ನೋಡಿ. ಸದ್ದು ಬಾರದಿದ್ದರೆ ಮಿರಜಕ್ಕೆ ರೈಲಿದೆ. ರೀಡಿಗೆ ಎಣ್ಣೆ ಮಾತ್ರ ಬಿಡಬೇಡಿ.